ಮಗ್ರಿಬ್ ನಂತರ ಸೈಟು ನೋಡಿ

ಸೈಟು ನೋಡಲು ನಮ್ಮ ಜನ ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಹೋಗುತ್ತಾರೆ. ಗ್ಯಾರೇಜಿಗೆ ರಜೆ, ಅಂಗಡಿಗೆ ರಜೆ, ಮಕ್ಕಳಿಗೆ ಶಾಲೆಯಿಲ್ಲ. ಏಜೆಂಟನೇ ಕಾರು ತರುತ್ತಾನೆ. ಮೊನ್ನೆಯವರೆಗೆ ರಾಗಿ ಹೊಲವಾಗಿದ್ದ ಜಾಗದಲ್ಲಿ ಜಲ್ಲಿ ರಸ್ತೆ, ಸುಣ್ಣ ಬಳಿದ ಕಲ್ಲು, ಬಾಗಿಲಲ್ಲಿ ಸಿಮೆಂಟಿನ ಕಮಾನು. ಹೆಂಗಸರು ಅಡುಗೆಮನೆ ಎಲ್ಲಿ ಬರಬೇಕು ಎಂದು ಯೋಚಿಸುತ್ತಾರೆ, ಗಂಡಸರು ಕಿಬ್ಲಾ ಯಾವ ಕಡೆ ಎಂದು ನೋಡುತ್ತಾರೆ. ಬೆಳಕು ಧಾರಾಳವಾಗಿರುತ್ತದೆ. ಆ ಬೆಳಕು ಸೂರ್ಯನದು, ಲೇಔಟಿನವರದಲ್ಲ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ನನ್ನನ್ನು ಕೇಳಿದವರಿಗೆ ನಾನು ಹೇಳುವುದು ಒಂದೇ ಮಾತು. ಇನ್ನೊಂದು ಸಲ ಹೋಗಿ, ಆದರೆ ಮಗ್ರಿಬ್ ನಮಾಜು ಮುಗಿಸಿಕೊಂಡು ಹೋಗಿ. ಹೊತ್ತು ಮುಳುಗಿದ ಮೇಲೆ ಎಷ್ಟು ಕಂಬಗಳಲ್ಲಿ ದೀಪ ಹತ್ತಿದೆ, ಎಷ್ಟು ಕಿಟಕಿಗಳಲ್ಲಿ ಬೆಳಕಿದೆ ಎಂದು ನೋಡಿ. ಬೆಳಕಿರುವ ಮನೆಯ ಬಾಗಿಲು ತಟ್ಟಿ, ಕರೆಂಟ್ ಯಾರ ಹೆಸರಿನಲ್ಲಿದೆ, ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಅಲ್ಲಿ ವಾಸವಿರುವ ಹೆಣ್ಣುಮಗಳು ಹತ್ತು ನಿಮಿಷದಲ್ಲಿ ಹೇಳುವುದನ್ನು ಏಜೆಂಟು ಹತ್ತು ಭಾನುವಾರವಾದರೂ ಹೇಳುವುದಿಲ್ಲ. ಕಂಬ ನಿಂತಿರುವುದು ಬೇರೆ, ಕಂಬದಲ್ಲಿ ಕರೆಂಟ್ ಇರುವುದು ಬೇರೆ.

ಕಥೆ ಬರೆಯುವವಳಿಗೂ ಸೈಟಿನ ವ್ಯವಹಾರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಭಾಷೆಯದು. ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದವಳು. ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದಲ್ಲಿ, ನಾವಿರುವ ಓಣಿಯ ಅನೇಕ ಹೆಂಗಸರು ಉರ್ದುವನ್ನು ಸರಾಗವಾಗಿ ಓದುತ್ತಾರೆ, ಕನ್ನಡವನ್ನು ಸರಾಗವಾಗಿ ಮಾತಾಡುತ್ತಾರೆ. ಆದರೆ ಕ್ರಯಪತ್ರದ ಕನ್ನಡ ಓದಲು ಬಂದಾಗ ತಡವರಿಸುತ್ತಾರೆ. ಹೀಗಾಗಿ ಕಾಗದದ ಚೀಲ ಹಿಡಿದು ನಮ್ಮ ಮನೆಗೆ ಬರುತ್ತಾರೆ. ತಮಾಷೆಯೆಂದರೆ ಆ ಕಾಗದಗಳಲ್ಲಿ ಅರ್ಜಿ, ಹಕ್ಕು, ಕರಾರು, ತಕರಾರು, ವಾರಸುದಾರ ಎಂಬ ಪದಗಳೆಲ್ಲ ಅರಬ್ಬಿ ಫಾರಸಿಯಿಂದ ಬಂದು ಕನ್ನಡದ ಕಚೇರಿಗಳಲ್ಲಿ ನೆಲೆಸಿದಂಥವು. ಪದಗಳು ನಮ್ಮ ಹೆಂಗಸರಿಗೆ ಗೊತ್ತು, ವಾಕ್ಯ ಗೊತ್ತಾಗುವುದಿಲ್ಲ. ಅರ್ಧ ಪುಟದುದ್ದದ ಆ ವಾಕ್ಯಗಳನ್ನು ಬಿಡಿಸಿ ಹೇಳುವುದು ನನ್ನ ಕೆಲಸ.

ಹೀಗೆ ಓದುತ್ತಾ ಓದುತ್ತಾ ನನಗೆ ಒಂದು ವಿಷಯ ಗೊತ್ತಾಯಿತು. ಸೈಟು ಮಾರುವಾಗ ಎರಡು ಕಾಗದಗಳು ಇರುತ್ತವೆ. ಒಂದು ಬಣ್ಣದ ಕಾಗದ, ಇನ್ನೊಂದು ಛಾಪಾ ಕಾಗದ. ಬಣ್ಣದ ಕಾಗದದಲ್ಲಿ ಕರೆಂಟ್, ಕುಡಿಯುವ ನೀರು, ಒಳಚರಂಡಿ, ಪಾರ್ಕು, ಮಸೀದಿಗೆ ಐದೇ ನಿಮಿಷದ ದಾರಿ ಎಂದು ಬರೆದಿರುತ್ತದೆ. ಛಾಪಾ ಕಾಗದದಲ್ಲಿ ಪೂರ್ವಕ್ಕೆ ಇಂಥ ನಂಬರಿನ ಸೈಟು, ಪಶ್ಚಿಮಕ್ಕೆ ರಸ್ತೆ ಎಂಬ ಚೆಕ್ಕುಬಂದಿಯ ಹೊರತು ಬೇರೇನೂ ಇರುವುದಿಲ್ಲ. ನಾವು ದುಡ್ಡು ಕೊಡುವುದು ಬಣ್ಣದ ಕಾಗದವನ್ನು ನೋಡಿ, ರಿಜಿಸ್ಟರ್ ಆಗುವುದು ಛಾಪಾ ಕಾಗದ.

ಇದರ ಪರಿಣಾಮ ಏನಾಗುತ್ತದೆ ಎಂಬುದಕ್ಕೆ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಒಬ್ಬಳ ಸಂಗತಿ ಹೇಳುತ್ತೇನೆ. ಗಂಡ ಸೌದಿಯಲ್ಲಿ ಒಂದು ಮನೆಯ ಡ್ರೈವರ್. ಇವಳು ಬ್ಲೌಸು ಹೊಲಿಯುತ್ತಾಳೆ. ಎಂಟು ವರ್ಷದ ಉಳಿತಾಯ, ಮದುವೆಯಲ್ಲಿ ಬಂದ ಚಿನ್ನ ಎರಡನ್ನೂ ಸೇರಿಸಿ ಊರ ಹೊರಗೆ ಮೂವತ್ತು ನಲವತ್ತರ ಒಂದು ಸೈಟು ಕೊಂಡಳು. ಕೊಳ್ಳುವಾಗ ಯಾರಿಗೂ ಕಾಗದ ತೋರಿಸಲಿಲ್ಲ. ಒಂದಿಷ್ಟು ಸಾಲ ಮಾಡಿ ಎರಡು ಕೋಣೆಯ ಮನೆಯನ್ನೂ ಎಬ್ಬಿಸಿದಳು. ಮನೆ ಕಟ್ಟುವಾಗ ತಾತ್ಕಾಲಿಕ ಕರೆಂಟ್ ಸಿಕ್ಕಿತ್ತು. ಗೃಹಪ್ರವೇಶವಾದ ಮೇಲೆ, 2025ರಲ್ಲಿ, ಅದನ್ನು ಖಾಯಂ ಮಾಡಿಸಲು ಹೋದಾಗ ಆಗುವುದಿಲ್ಲ ಎಂದರು. ಆಗ ನನ್ನ ಬಳಿ ಬಂದಳು.

"ಆಪಾ, ಮೀಟರ್ ಗೋಡೆಯ ಮೇಲೇ ಇದೆ. ಅದನ್ನು ಖಾಯಂ ಮಾಡಿಕೊಡಿ ಅಂದರೆ ಮನೆಯ ಸರ್ಟಿಫಿಕೇಟ್ ತನ್ನಿ ಅಂತಾರೆ. ಮನೆ ಅಲ್ಲೇ ನಿಂತಿದೆಯಲ್ಲ, ಅದಕ್ಕೆ ಸರ್ಟಿಫಿಕೇಟ್ ಯಾಕೆ?"

ಅವಳ ಜೊತೆ ಕರೆಂಟ್ ಆಫೀಸಿಗೆ ಹೋದೆ. ಅಲ್ಲಿದ್ದವರು ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು ಕೂರಿಸಿ, "ಅಮ್ಮಾ, ನಿಮ್ಮ ಮೇಲೆ ನಮಗೇನೂ ಸಿಟ್ಟಿಲ್ಲ. ಈ ಲೇಔಟಿಗೇ ಅನುಮೋದನೆ ಇಲ್ಲ. ಲೇಔಟಿಗೆ ಇಲ್ಲದ ಮೇಲೆ ನಿಮ್ಮ ಮನೆಗೆ ಪ್ಲಾನು ಯಾರು ಕೊಡುತ್ತಾರೆ? ಪ್ಲಾನು ಇಲ್ಲದ ಮೇಲೆ ಸರ್ಟಿಫಿಕೇಟ್ ಎಲ್ಲಿಂದ ಬರುತ್ತದೆ?" ಎಂದರು. ಎರಡೇ ಪ್ರಶ್ನೆಯಲ್ಲಿ ಎಂಟು ವರ್ಷದ ದುಡಿಮೆಯ ಲೆಕ್ಕ ಮುಗಿದಿತ್ತು.

ಅವರು ಹೇಳಿದ್ದಕ್ಕೆ ಕಾರಣವಿತ್ತು. ಉತ್ತರ ಪ್ರದೇಶದ ಮೀರತ್ ನಗರದಲ್ಲಿ, ವಾಸಕ್ಕೆಂದು ಕೊಟ್ಟ ನಿವೇಶನದಲ್ಲಿ ಅಕ್ರಮವಾಗಿ ಅಂಗಡಿಗಳನ್ನು ಕಟ್ಟಿದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2024ರ ಡಿಸೆಂಬರ್ 17ರಂದು ಬಂದ ಆ ತೀರ್ಪು ಇಡೀ ದೇಶಕ್ಕೆ ಅನ್ವಯವಾಗುವ ಕೆಲವು ನಿರ್ದೇಶನಗಳನ್ನು ಕೊಟ್ಟಿತು. ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದಿದೆ ಅಥವಾ ವಾಸಕ್ಕೆ ಯೋಗ್ಯವಾಗಿದೆ ಎಂಬ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿಯ ಸಂಪರ್ಕ ಕೊಡಬೇಕು ಎಂಬುದು ಅವುಗಳಲ್ಲಿ ಒಂದು. 2025ರಲ್ಲಿ ಕರ್ನಾಟಕದ ವಿದ್ಯುತ್ ಕಂಪನಿಗಳು ಇದನ್ನು ಪಾಲಿಸತೊಡಗಿದಾಗ ಸಾವಿರಾರು ಮನೆಗಳು ಬಾಗಿಲವರೆಗೆ ಬಂದ ತಂತಿಯನ್ನು ನೋಡುತ್ತಾ ನಿಂತವು. ಅದೇ ವರ್ಷ ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ 1200 ಚದರ ಅಡಿಯವರೆಗಿನ ನಿವೇಶನಗಳ ಸಣ್ಣ ವಾಸದ ಮನೆಗಳಿಗೆ ಈ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿತು. ಆದರೆ ಎಲ್ಲ ಊರಿಗೂ ಎಲ್ಲ ಕಟ್ಟಡಕ್ಕೂ ಅದು ಅನ್ವಯಿಸುತ್ತದೆ ಎಂಬ ಭರವಸೆಯ ಮೇಲೆ ಯಾರೂ ಮುಂಗಡ ಕೊಡಬಾರದು. ವಿನಾಯಿತಿಯನ್ನು ನಂಬಿ ಮನೆ ಕಟ್ಟುವುದು ಸಾಲವನ್ನು ನಂಬಿ ಮದುವೆ ಮಾಡಿದ ಹಾಗೆ.

ತೀರ್ಪಿನ ಉದ್ದೇಶ ಒಳ್ಳೆಯದೇ. ಅಕ್ರಮ ಕಟ್ಟಡಗಳು ನಮ್ಮ ಊರುಗಳನ್ನು ಹಾಳು ಮಾಡಿವೆ. ನನ್ನ ತಕರಾರು ಬೇರೆ. ಅನುಮೋದನೆಯಿಲ್ಲದೆ ಲೇಔಟು ಮಾಡಿದವನು ಸೈಟುಗಳನ್ನೆಲ್ಲ ಮಾರಿ ಹೋಗಿ ಎಷ್ಟೋ ದಿನವಾದ ಮೇಲೆ ಶಿಕ್ಷೆ ಶುರುವಾಗುತ್ತದೆ. ಆ ಶಿಕ್ಷೆ ಬೀಳುವುದು ಕೊನೆಗೆ ಕೊಂಡವಳ ಮೇಲೆ. ಅವಳು ವಾಸದ ಮನೆಯ ದರಕ್ಕಿಂತ ಹೆಚ್ಚಿನ ತಾತ್ಕಾಲಿಕ ದರದಲ್ಲಿ ಕರೆಂಟ್ ಸುಡಬೇಕು. 2023ರ ಆಗಸ್ಟಿನಿಂದ ನಡೆಯುತ್ತಿರುವ ಗೃಹಜ್ಯೋತಿಯ ಸವಲತ್ತೂ ಆ ಮೀಟರಿಗೆ ಸಿಗದು. ತಿಂಗಳಿಗೆ 200 ಯೂನಿಟ್ಟಿನೊಳಗೆ ಬಳಸುವವರಿಗಾಗಿ ಮಾಡಿದ ಯೋಜನೆ ಅದು. ಅವಳ ಮನೆಯ ಮೂರು ದೀಪ, ಎರಡು ಫ್ಯಾನು, ಹೊಲಿಗೆಯ ಯಂತ್ರ ಎಲ್ಲ ಸೇರಿದರೂ ಅದರ ಅರ್ಧ ಮುಟ್ಟುವುದಿಲ್ಲ. ಯೋಜನೆ ಯಾರಿಗಾಗಿ ಬಂತೋ ಅವಳೇ ಹೊರಗೆ ನಿಂತಿದ್ದಾಳೆ. ಈ ಬರಹ ಬರೆಯುವ ಹೊತ್ತಿಗೂ ಆ ಮೀಟರು ತಾತ್ಕಾಲಿಕವಾಗಿಯೇ ಇದೆ.

ಇಂಥ ಕಡೆ ಜನ ಕಂಡುಕೊಂಡ ಇನ್ನೊಂದು ದಾರಿಯಿದೆ. ಪಕ್ಕದ ಮನೆಯ ಮೀಟರಿನಿಂದ ಒಂದು ವೈರು ಎಳೆದುಕೊಳ್ಳುವುದು. ಕೊಡುವವರು ಪುಣ್ಯದ ಕೆಲಸವೆಂದು ಕೊಡುತ್ತಾರೆ. ಆದರೆ 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನ ಪ್ರಕಾರ, ಯಾವ ಜಾಗಕ್ಕೆಂದು ಸಂಪರ್ಕ ಕೊಟ್ಟಿದೆಯೋ ಅದನ್ನು ಬಿಟ್ಟು ಬೇರೆ ಜಾಗಕ್ಕೆ ಬಳಸಿದರೆ ಅದು ಅನಧಿಕೃತ ಬಳಕೆ. ದರದ ಎರಡು ಪಟ್ಟು ಲೆಕ್ಕ ಹಾಕಿ ವಸೂಲಿ ಮಾಡುತ್ತಾರೆ. ದಯೆ ತೋರಿಸಿದವರಿಗೆ ದಂಡ ಬೀಳುತ್ತದೆ. ಮಳೆಗಾಲದಲ್ಲಿ ಆ ವೈರು ತಂತಿ ಬೇಲಿಗೋ ಬಟ್ಟೆ ಒಣಹಾಕುವ ತಂತಿಗೋ ತಾಗಿದರೆ ಬೀಳುವ ದಂಡ ಹಣದ್ದಾಗಿರುವುದಿಲ್ಲ.

ಹಾಗಾದರೆ ಮುಂಗಡ ಕೊಡುವ ಮುಂಚೆ ಏನು ನೋಡಬೇಕು? ನಾನು ವಕೀಲಳಲ್ಲ, ಇಂಜಿನಿಯರಳೂ ಅಲ್ಲ. ಹತ್ತಾರು ಚೀಲಗಳ ಕಾಗದ ಓದಿದ ಅನುಭವದ ಮೇಲೆ ಹೇಳುತ್ತೇನೆ.

ಹೊಸ ಲೇಔಟಾದರೆ ಮೊದಲು ಕೇಳಬೇಕಾದದ್ದು ನಗರಾಭಿವೃದ್ಧಿ ಪ್ರಾಧಿಕಾರದ ಅಥವಾ ಯೋಜನಾ ಪ್ರಾಧಿಕಾರದ ಅನುಮೋದನೆ. ಭೂಪರಿವರ್ತನೆಯ ಆದೇಶವೊಂದನ್ನೇ ತೋರಿಸಿ 'ಎಲ್ಲ ಸರಿಯಾಗಿದೆ' ಎನ್ನುವವರು ಬಹಳ. ಕೃಷಿ ಜಮೀನು ವಾಸಕ್ಕೆ ಬದಲಾಯಿತು ಎಂದಷ್ಟೇ ಅದರ ಅರ್ಥ, ಲೇಔಟಿಗೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ಅನುಮೋದಿತ ಲೇಔಟಿನಲ್ಲಿ ರಸ್ತೆ, ಚರಂಡಿ, ನೀರು, ಕರೆಂಟ್ ಕಾಮಗಾರಿ ಮುಗಿದಂತೆ ಪ್ರಾಧಿಕಾರ ಹಂತಹಂತವಾಗಿ ಸೈಟುಗಳನ್ನು ಬಿಡುಗಡೆ ಮಾಡುತ್ತದೆ. ನೀವು ಕೊಳ್ಳುವ ನಂಬರಿನ ಸೈಟು ಬಿಡುಗಡೆಯ ಪಟ್ಟಿಯಲ್ಲಿ ಇದೆಯೇ ನೋಡಿ. ಜೊತೆಗೆ ರೇರಾ ನೋಂದಣಿ. 500 ಚದರ ಮೀಟರಿಗಿಂತ ದೊಡ್ಡ ಯೋಜನೆಗಳು 2016ರ ಆ ಕಾಯ್ದೆಯ ಪ್ರಕಾರ ನೋಂದಣಿಯಾಗದೆ ಜಾಹೀರಾತೇ ಕೊಡುವಂತಿಲ್ಲ. ಅದೇ ಕಾಯ್ದೆಯ 12ನೆಯ ಕಲಂ ನಮ್ಮಂಥವರಿಗೆ ಬಹಳ ಉಪಯೋಗದ್ದು. ಜಾಹೀರಾತಿನಲ್ಲಿ ಸುಳ್ಳು ಹೇಳಿ ದುಡ್ಡು ತೆಗೆದುಕೊಂಡರೆ ಪರಿಹಾರ ಕೊಡಬೇಕು, ಕೊಂಡವರು ಬೇಡವೆಂದರೆ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು ಎನ್ನುತ್ತದೆ ಅದು. ಬಡ್ಡಿ ತೆಗೆದುಕೊಳ್ಳುವುದು ಬಿಡುವುದು ನಿಮ್ಮ ಈಮಾನಿಗೆ ಬಿಟ್ಟದ್ದು. ಆದರೆ ಆ ಬಣ್ಣದ ಕಾಗದವನ್ನು ಮಾತ್ರ ಮಕ್ಕಳಿಗೆ ದೋಣಿ ಮಾಡಲು ಕೊಡಬೇಡಿ. ಕ್ರಯಪತ್ರದ ಜೊತೆಗೇ ಇಡಿ.

ಎರಡನೆಯದು ಟ್ರಾನ್ಸ್‌ಫಾರ್ಮರ್. ನಮ್ಮ ಕಡೆ ಟಿ.ಸಿ. ಎನ್ನುತ್ತಾರೆ. ಅದರ ಮೇಲೆ 25, 63, 100 ಎಂದು ಕೆ.ವಿ.ಎ. ಸಾಮರ್ಥ್ಯ ಬರೆದಿರುತ್ತದೆ. ಎಂಬತ್ತು ಸೈಟಿನ ಲೇಔಟಿಗೆ 63ರದು ಒಂದೇ ಇದೆ ಎಂದುಕೊಳ್ಳಿ. ಚಳಿಗಾಲದ ಬೆಳಿಗ್ಗೆ ಎಂಬತ್ತು ಮನೆಯಲ್ಲಿ ಅರ್ಧದಷ್ಟು ಜನ ಎರಡು ಕಿಲೋವಾಟಿನ ಗೀಸರ್ ಹಾಕಿದರೆ ಅದೇ 80 ಕಿಲೋವಾಟ್ ಆಯಿತು. ಆ ಟಿ.ಸಿ. ಅಷ್ಟನ್ನು ಎಳೆಯಲಾರದು. ಹತ್ತು ಮನೆ ಆದಾಗ ಎಲ್ಲ ಚೆನ್ನಾಗಿರುತ್ತದೆ. ನಲವತ್ತು ಮನೆಯಾದಾಗ ಫ್ಯೂಸು ಹೋಗುತ್ತದೆ, ದೀಪ ಮಂಕಾಗುತ್ತದೆ, ಪಂಪು ತಿರುಗುವುದಿಲ್ಲ. ಆಗ ಹೊಸ ಟಿ.ಸಿ.ಗೆ ಚಂದಾ ಎತ್ತುವವರು ಯಾರು? ಮಾರಿದವನ ಫೋನು ಆ ಹೊತ್ತಿಗೆ ಸ್ವಿಚ್ ಆಫ್ ಆಗಿರುತ್ತದೆ. ಟಿ.ಸಿ.ಯನ್ನೂ ಕಂಬಗಳನ್ನೂ ವಿದ್ಯುತ್ ಕಂಪನಿಗೆ ಹಸ್ತಾಂತರ ಮಾಡಿದ್ದಾರೋ ಇಲ್ಲವೋ ಎಂಬುದನ್ನು ಅವತ್ತೇ ಕಚೇರಿಯಲ್ಲಿ ವಿಚಾರಿಸಿ.

ಮೂರನೆಯದು ತಲೆಯ ಮೇಲಿನ ತಂತಿ. ಇದರಲ್ಲಿ ಚರಿತ್ರೆಯ ಒಂದು ವ್ಯಂಗ್ಯವೂ ಇದೆ. ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರಲ್ಲಿ. ದಾರಿಯುದ್ದಕ್ಕೂ ಇದ್ದ ಹಳ್ಳಿಗಳು ಬುಡ್ಡಿ ದೀಪದಲ್ಲೇ ಉಳಿದು, ತಂತಿ ತಲೆಯ ಮೇಲೆ ಹಾದುಹೋಗುವುದನ್ನು ನೋಡಿದವು. ಇವತ್ತಿಗೂ ಬಡವರಿಗೆ ಅಗ್ಗವಾಗಿ ಸಿಗುವ ಸೈಟು ಹೈಟೆನ್ಷನ್ ತಂತಿಯ ಕೆಳಗೇ ಇರುತ್ತದೆ. 66 ಕೆ.ವಿ. ಮಾರ್ಗಕ್ಕೆ 18 ಮೀಟರ್ ಅಗಲದ ದಾರಿ, 110 ಕೆ.ವಿ.ಗೆ 22 ಮೀಟರ್, 220 ಕೆ.ವಿ.ಗೆ 35 ಮೀಟರ್ ಬಿಡಬೇಕೆಂಬುದು ಬಹುಕಾಲದಿಂದ ಇರುವ ಲೆಕ್ಕ. ಬೀದಿಯ 11 ಕೆ.ವಿ. ತಂತಿಗೂ ಮನೆಯ ಗೋಡೆಗೂ ಕನಿಷ್ಠ 1.2 ಮೀಟರ್, ಮಾಳಿಗೆಗೂ ತಂತಿಗೂ 3.7 ಮೀಟರ್ ಅಂತರ ಇರಬೇಕು. ಒಂದು ಮಹಡಿ ಕಟ್ಟುವಾಗ ದೂರವಿದ್ದ ತಂತಿ ಎರಡನೆಯ ಮಹಡಿ ಕಟ್ಟುವಾಗ ಕೈಗೆಟಕುತ್ತದೆ. ಗಾಳಿಪಟ ತೆಗೆಯಲು ಕಬ್ಬಿಣದ ಸಲಾಕೆ ಹಿಡಿದು ಮಾಳಿಗೆಗೆ ಹೋಗುವ ಹುಡುಗರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. "ಆ ತಂತೀನ ಆಮೇಲೆ ಪಕ್ಕಕ್ಕೆ ಹಾಕಿಸ್ತೀವಮ್ಮಾ" ಎಂದು ಏಜೆಂಟು ಹೇಳಿದರೆ, ಹಾಕಿಸಿದ ಮೇಲೆ ಬರುತ್ತೇವೆ ಎಂದು ಹೇಳಿ ಮನೆಗೆ ಬನ್ನಿ.

ಕಟ್ಟಿದ ಹಳೆಯ ಮನೆ ಕೊಳ್ಳುವವರು ಕೇಳಬೇಕಾದ ಕಾಗದ ಕೊನೆಯ ಕರೆಂಟ್ ಬಿಲ್ಲು. ಆ ಚೂರು ಕಾಗದದಲ್ಲಿ ಮನೆಯ ಜಾತಕವೇ ಇರುತ್ತದೆ. ಆರ್.ಆರ್. ನಂಬರು, ಯಾರ ಹೆಸರು, ವಾಸದ ದರವೋ ಅಂಗಡಿಯ ದರವೋ, ಎಷ್ಟು ಕಿಲೋವಾಟ್ ಮಂಜೂರಾಗಿದೆ, ಎಷ್ಟು ಬಾಕಿಯಿದೆ. ಬಾಕಿ ಹಳೆಯ ಮಾಲೀಕರದ್ದು, ನಮಗೇನು ಎನ್ನುವಂತಿಲ್ಲ. 2023ರ ಮೇ ತಿಂಗಳಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನವರ ಬಾಕಿಯನ್ನು ತೀರಿಸಿದ ಮೇಲೆಯೇ ಹೊಸಬರಿಗೆ ಸಂಪರ್ಕ ಕೊಡುತ್ತೇವೆ ಎಂದು ವಿದ್ಯುತ್ ಮಂಡಳಿ ಹೇಳಬಹುದು ಎಂದು ತೀರ್ಪು ಕೊಟ್ಟಿದೆ. ಬ್ಯಾಂಕಿನ ಹರಾಜಿನಲ್ಲಿ ಮನೆ ಕೊಳ್ಳುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಬಾಡಿಗೆ ಬರಲಿ ಎಂದು ಮೂರು ಅಂಕಣದ ಮನೆ ಕೊಳ್ಳುವವರು ಮೀಟರುಗಳನ್ನು ಎಣಿಸಬೇಕು. ಒಂದೇ ಮೀಟರು ಇಟ್ಟುಕೊಂಡು, ಒಳಗೆ ಸಣ್ಣ ಮೀಟರು ಹಾಕಿ, ಬಾಡಿಗೆಯವರಿಂದ ಯೂನಿಟ್ಟಿಗೆ ತಮಗೆ ತೋಚಿದಷ್ಟು ವಸೂಲಿ ಮಾಡುವ ಮಾಲೀಕರು ನಮ್ಮಲ್ಲೂ ಇದ್ದಾರೆ. ಮೂರು ಸಂಸಾರದ ಬಳಕೆ ಒಂದೇ ಮೀಟರಿನಲ್ಲಿ ತಿರುಗಿದರೆ 200 ಯೂನಿಟ್ಟು ದಾಟಿಯೇ ದಾಟುತ್ತದೆ. ಗೃಹಜ್ಯೋತಿ ಮೂವರಿಗೂ ತಪ್ಪುತ್ತದೆ. ಪ್ರತ್ಯೇಕ ಮೀಟರು ಹಾಕಿಸಿದರೆ ಬಾಡಿಗೆಯವರೂ ಅರ್ಜಿ ಹಾಕಬಹುದು. ಬಾಡಿಗೆಯ ಆದಾಯ ಬೇಕು, ಬಾಡಿಗೆಯವರ ಹಕ್ಕು ಬೇಡ ಎನ್ನುವುದು ಯಾವ ನ್ಯಾಯ?

ಹಳೆಯ ಮನೆಯ ಗೋಡೆಯೊಳಗೆ ಏನಿದೆ ಎಂದು ಬಣ್ಣ ಹೇಳುವುದಿಲ್ಲ. ಐನೂರೋ ಸಾವಿರವೋ ಕೊಟ್ಟು ಒಬ್ಬ ಅನುಭವಸ್ಥ ವೈರ್‌ಮನ್‌ನನ್ನು ಕರೆದುಕೊಂಡು ಹೋಗಿ. ಅರ್ಥಿಂಗ್ ಗುಂಡಿ ಇದೆಯೇ, ಇದ್ದರೆ ಅದು ಒಣಗಿದೆಯೇ, ದೀಪಕ್ಕೆ ಹಾಕಿದ ತೆಳು ವೈರಿನಲ್ಲೇ ಗೀಸರನ್ನೂ ಓಡಿಸುತ್ತಿದ್ದಾರೆಯೇ ಎಂದು ನೋಡಿಸಿ. ದೀಪ ಫ್ಯಾನಿಗೆ 1.5, ಪ್ಲಗ್ಗಿಗೆ 2.5, ಗೀಸರ್ ಏಸಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕುವುದು ಸಾಮಾನ್ಯ ವಾಡಿಕೆ. ಕರೆಂಟ್ ಸೋರಿದ ಕ್ಷಣ ಇಡೀ ಮನೆಯ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚು ಒಂದಿದೆ. ಬಾಗಿಲಿಗೆ ಹಿತ್ತಾಳೆಯ ಹಿಡಿ ಹಾಕಿಸಲು ಖರ್ಚು ಮಾಡುವವರು ಇದಕ್ಕೆ ಹಿಂದೆಮುಂದೆ ನೋಡುತ್ತಾರೆ. ಒದ್ದೆ ಕೈಯಲ್ಲಿ ಮಿಕ್ಸಿ, ವಾಷಿಂಗ್ ಮೆಷಿನ್ ಮುಟ್ಟುವವರು ಮನೆಯ ಹೆಂಗಸರು. ಆ ಹಿಡಿಯನ್ನು ನೋಡಿ ಹೊಗಳುವವರು ಮನೆಗೆ ಬಂದ ಗಂಡಸರು.

ನೀರಿನ ವಿಷಯಕ್ಕೆ ಬಂದರೆ ನಮ್ಮ ಬಯಲುಸೀಮೆಯಲ್ಲಿ 'ಬೋರ್ ಇದೆ' ಎಂಬುದು ಅರ್ಧ ಉತ್ತರ. ಎಷ್ಟು ಅಡಿ, ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ, ಅದರ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಎಂಬುದು ಉಳಿದ ಅರ್ಧ. ಪಾವಗಡದಂಥ ಕಡೆ ಫ್ಲೋರೈಡಿನಿಂದ ಹಲ್ಲು ಕಂದಿದ, ಮೂಳೆ ಬಾಗಿದ ಜನರನ್ನು ಕಂಡವರು ನಾವು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡುವುದು ಕಷ್ಟದ ಕೆಲಸವಲ್ಲ. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಗೂ ಒಂದು ಪಿಟ್ಟು, ಅದರ ಪಕ್ಕದಲ್ಲೇ ಒಂದು ಬೋರು. ಪಿಟ್ಟು ತುಂಬಿದಾಗ ಅದಕ್ಕೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸಕ್ಕಿಂಗ್ ಯಂತ್ರದ ಲಾರಿ ತಿರುಗುವಷ್ಟು ರಸ್ತೆ ಇದೆಯೇ ಎಂಬುದೂ ಸೈಟು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೇ.

ಇಷ್ಟೆಲ್ಲ ತಿಳಿದಿದ್ದರೂ ಜನ ಯಾಕೆ ಅಂಥ ಕಡೆಯೇ ಕೊಳ್ಳುತ್ತಾರೆ? ಆಸೆ ಒಂದು ಕಾರಣ, ಅಜ್ಞಾನ ಇನ್ನೊಂದು. ಮೂರನೆಯ ಕಾರಣವನ್ನು ನಾವು ಸಭ್ಯತೆಗಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಊರೊಳಗೆ ಬಾಡಿಗೆಗೆ ಮನೆ ಕೇಳಲು ಹೋದಾಗ ಹೆಸರು ಕೇಳಿದ ಕೂಡಲೇ "ಈಗಷ್ಟೇ ಬೇರೆಯವರಿಗೆ ಕೊಟ್ಟೆವು" ಎಂಬ ಉತ್ತರ ಎಷ್ಟು ಮಂದಿಗೆ ಸಿಕ್ಕಿಲ್ಲ? ದಲಿತರಿಗೂ ಇದೇ ಉತ್ತರ ಸಿಗುತ್ತದೆ. ನಾಲ್ಕು ಸಲ ಹೀಗಾದ ಮೇಲೆ ಮನುಷ್ಯ, ಎಲ್ಲಾದರೂ ಸರಿ, ಯಾರೂ ಖಾಲಿ ಮಾಡು ಎನ್ನದ ಒಂದು ಜಾಗ ಬೇಕು ಎಂದುಕೊಳ್ಳುತ್ತಾನೆ. ಆ ಆತುರವೇ ಮಾರುವವನ ಬಂಡವಾಳ. ನಮ್ಮವರೇ ನಮ್ಮವರಿಗೆ ಮಾರುವ ಲೇಔಟುಗಳೂ ಹುಟ್ಟಿಕೊಂಡಿವೆ. ಅಲ್ಲಿ ಕಾಗದ ಕೇಳಿದರೆ, "ಭಾಯಿ, ನಮ್ಮ ಮೇಲೆ ಭರೋಸಾ ಇಲ್ವಾ?" ಎಂಬ ಮಾತು ಬರುತ್ತದೆ. ಕೇಳಿದವರೇ ತಲೆ ತಗ್ಗಿಸಿ ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಾಗಿಲ್ಲ. ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವುದರ ಬಗ್ಗೆ ಇದೆ ಎಂಬುದನ್ನು ನೆನಪಿಸಿಕೊಳ್ಳಿ. ಸೂರಃ ಅಲ್ ಬಕರದ 282ನೆಯ ಆಯತ್ ಅದು. ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ಇಡುವ ವಿಷಯ ಅದರಲ್ಲಿದೆ. ಕಾಗದ ಕೇಳುವುದು ಅಪನಂಬಿಕೆಯಲ್ಲ, ಅದೂ ದೀನಿನ ಭಾಗವೇ. ಪ್ರವಾದಿಯವರು ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ್ದು, ಮಳೆಯಲ್ಲಿ ನೆನೆದದ್ದನ್ನು ಅಡಿಯಲ್ಲೇಕೆ ಮುಚ್ಚಿಟ್ಟೆ, ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಮಾರುವವನನ್ನು ಕೇಳಿದ್ದು ನಮಗೆಲ್ಲ ಮಸೀದಿ ಮದರಸಾಗಳಲ್ಲಿ ಹೇಳಿಕೊಟ್ಟ ಘಟನೆ. ಅನುಮೋದನೆಯಿಲ್ಲದ ಲೇಔಟಿಗೆ ಕಮಾನು ಕಟ್ಟಿ ಮಾರುವುದು ನೆನೆದ ಧಾನ್ಯದ ಮೇಲೆ ಒಣ ಧಾನ್ಯ ಸುರಿದಂತೆಯೇ. ಮಾರುವವನ ಗಡ್ಡ ಎಷ್ಟು ಉದ್ದವಿದೆ ಎಂಬುದರಿಂದ ಧಾನ್ಯ ಒಣಗುವುದಿಲ್ಲ.

ಇದು ಬರೀ ಹಣದ ಪ್ರಶ್ನೆಯಲ್ಲ ಎಂದು ನನಗೆ ಅನ್ನಿಸುತ್ತದೆ. ಕರೆಂಟ್ ಬಿಲ್ಲು ನಮ್ಮ ದೇಶದಲ್ಲಿ ವಿಳಾಸದ ಪುರಾವೆ. ಗ್ಯಾಸಿಗೆ, ಬ್ಯಾಂಕಿಗೆ, ಪಾಸ್‌ಪೋರ್ಟಿಗೆ ಅದನ್ನು ತೋರಿಸುತ್ತೇವೆ. ಕಾಗದ ಕೇಳುವ ಕಾಲ ಇದು. ಅಜ್ಜನ ಹೆಸರು, ಹುಟ್ಟಿದ ಊರು ಎಲ್ಲವನ್ನೂ ಕಾಗದದಲ್ಲಿ ತೋರಿಸಬೇಕಾಗುತ್ತದೆ ಎಂಬ ಭಯವನ್ನು ನಮ್ಮ ಓಣಿಗಳು ನೋಡಿವೆ. ಹಾಗಿರುವಾಗ, ಸ್ವಂತ ದುಡ್ಡಿನಲ್ಲಿ ಕೊಂಡ ಸ್ವಂತ ಮನೆಗೆ 'ತಾತ್ಕಾಲಿಕ' ಎಂದು ಬರೆದ ಬಿಲ್ಲು ಬರುವುದನ್ನು ಯೋಚಿಸಿ. ನಮ್ಮ ಓಣಿಯಿಂದ ಹೋದ ಆ ಹೆಣ್ಣುಮಗಳು ಒಂದು ದಿನ ಆ ಪದಕ್ಕೆ ಬೆರಳಿಟ್ಟು, "ಆಪಾ, ಇದಕ್ಕೆ ಉರ್ದುವಿನಲ್ಲಿ ಏನಂತಾರೆ?" ಎಂದು ಕೇಳಿದಳು. 'ಆರ್‌ಜಿ' ಎಂದೆ. ಅವಳಿಗೆ ಗೊತ್ತಿದ್ದ ಪದವೇ ಅದು. "ಅಂದ್ರೆ ಹೋಗುವವರು" ಎಂದು ತನಗೆ ತಾನೇ ಹೇಳಿಕೊಂಡಳು.

ಜಮಾಅತ್‌ಗಳು, ಸಂಘಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಊರ ಸುತ್ತಲಿನ ಲೇಔಟುಗಳಲ್ಲಿ ಯಾವುದಕ್ಕೆ ಅನುಮೋದನೆಯಿದೆ, ಯಾವುದು ರೇರಾದಲ್ಲಿದೆ, ಎಲ್ಲಿಗೆ ಕರೆಂಟ್ ಖಾಯಂ ಆಗಿ ಬಂದಿದೆ ಎಂಬುದನ್ನು ಪ್ರಾಧಿಕಾರದಲ್ಲಿ, ವಿದ್ಯುತ್ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಳಿದುಕೊಂಡು, ಕನ್ನಡ ಉರ್ದು ಎರಡರಲ್ಲೂ ಬರೆದು ಮಸೀದಿಯ ಹೊರಗಿನ ಬೋರ್ಡಿಗೆ ಹಚ್ಚಬಹುದು. ಯಾರನ್ನೂ ಬೈಯುವ ಅಗತ್ಯವಿಲ್ಲ. ಹಿಂದೂ ನೆರೆಯವರಿಗೂ ಅದು ಅಷ್ಟೇ ಉಪಯೋಗ. ಏಕೆಂದರೆ ಕತ್ತಲೆಯ ಲೇಔಟಿನಲ್ಲಿ ಅವರೂ ನಮ್ಮ ಪಕ್ಕದ ಸೈಟಿನವರೇ.

ಮದೀನಾದಲ್ಲಿ ನೀರನ್ನು ಮಾರುತ್ತಿದ್ದ ರೂಮಾ ಬಾವಿಯನ್ನು ಹಜರತ್ ಉಸ್ಮಾನ್ ಅವರು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಣವಿದ್ದವರು ಮೊದಲು ನೀರನ್ನು ಯೋಚಿಸಿದರು, ಆಮೇಲೆ ಊರು ಬೆಳೆಯಿತು. ನಮ್ಮಲ್ಲಿ ಈಗ ಮೊದಲು ಊರನ್ನು ಮಾರುತ್ತಾರೆ, ನೀರನ್ನು ಕೊಂಡವರು ಯೋಚಿಸಬೇಕು. ಲೇಔಟು ಮಾಡುವ ನಮ್ಮ ಸಹೋದರರಲ್ಲಿ ನನ್ನ ಒಂದು ಬೇಡಿಕೆಯಿದೆ. ಹಜ್ಜಿಗೆ ಹೋಗುವ ಮುಂಚೆ ಎಲ್ಲರ ಮನೆಗೆ ಹೋಗಿ ಮಾಫಿ ಕೇಳುತ್ತೀರಿ. ಆಗ ನೀವು ಮಾರಿದ ಸೈಟುಗಳ ಕಡೆಗೂ ಬನ್ನಿ. ಹೊತ್ತು ಮುಳುಗಿದ ಮೇಲೆ ಬಂದರೆ ಒಳ್ಳೆಯದು. ಬರುವಾಗ ಟಾರ್ಚು ತರುವುದನ್ನು ಮರೆಯಬೇಡಿ.